ಜೇಬಿನಲ್ಲಿರುವ ವಾದ್ಯ ಮತ್ತು ನಮ್ಮೂರ ಸದ್ದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ 2004ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ‘ಐಟಿ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಅವರ ಅಪ್ಪಣೆ ಪಡೆದು, ನಾನು ದಿನವೂ ಕೆಲಸ ಮುಗಿದ ಮೇಲೆ ಇಷ್ಟಪಟ್ಟು ಮಾಡುವ ಒಂದು ಸಂಗತಿಯ ಬಗ್ಗೆ ಮಾತಾಡುತ್ತೇನೆ. ಫೋನಿನಲ್ಲಿ, ಟ್ಯಾಬ್ಲೆಟ್‌ನಲ್ಲಿ ಸಂಗೀತ ಕಟ್ಟುವುದು. ಕೇಳುವುದು ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಕಟ್ಟುವ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರನಲ್ಲ. ನಮ್ಮಪ್ಪನ ಭಜನಾ ಮಂಡಳಿಯಲ್ಲಿ ತಾಳ ಹಾಕಿ ಬೆಳೆದವನು. ಶಾಲೆಗೆ ಸಂಗೀತದ ಮೇಷ್ಟ್ರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾರ್ಮೋನಿಯಂ ಕೊಳ್ಳಲು ಸಾವಿರಾರು ರೂಪಾಯಿ, ಕಲಿಯಲು ತಾಲ್ಲೂಕು ಕೇಂದ್ರಕ್ಕೆ ಬಸ್ಸು. ಹೀಗಾಗಿ ಸಂಗೀತವೆಂದರೆ ದುಡ್ಡಿದ್ದವರ ಮನೆಯ ಮಕ್ಕಳಿಗೆ ಎಂಬ ಭಾವನೆ ನಮ್ಮಲ್ಲಿ ಉಳಿದುಬಿಟ್ಟಿತು. ಈಗ ಪ್ರತಿ ಮನೆಯಲ್ಲೂ ಒಂದು ಫೋನಿದೆ. ಅದರೊಳಗೆ ಮೈಕು, ಸ್ಪೀಕರು ಮತ್ತು ಹಾಡು ಮುದ್ರಿಸುವ ಒಂದು ಚಿಕ್ಕ ಸ್ಟುಡಿಯೊ ಕೂಡ ಇದೆ. ಆದರೆ ಮನೆಯಲ್ಲಿ ಯಾರೂ ಆ ಸ್ಟುಡಿಯೊದ ಬಾಗಿಲು ತೆಗೆದಿಲ್ಲ.

ಇದು ಆಟದ ಸಾಮಾನು ಎಂದು ಹಿರಿಯರು ಅಂದುಕೊಳ್ಳಬಾರದು ಎಂದು ಎರಡು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಗೊರಿಲಾಜ್ ಎಂಬ ತಂಡದ ಡೇಮನ್ ಆಲ್ಬರ್ನ್ 2010ರಲ್ಲಿ ಅಮೆರಿಕದಲ್ಲಿ ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಿದ್ದಾಗ, ಬಿಡುವಿನಲ್ಲಿ ಹೆಚ್ಚಾಗಿ ಐಪ್ಯಾಡ್‌ನಲ್ಲೇ ‘ದಿ ಫಾಲ್’ ಎಂಬ ಆಲ್ಬಮ್ ಕಟ್ಟಿದರು. ಅಮೆರಿಕದ ಸ್ಟೀವ್ ಲೇಸಿ ಎಂಬ ಹುಡುಗ ಐಫೋನಿಗೆ ಗಿಟಾರ್ ಸಿಕ್ಕಿಸಿಕೊಂಡು, ಅದರಲ್ಲಿದ್ದ ಗ್ಯಾರೇಜ್‌ಬ್ಯಾಂಡ್ ಆ್ಯಪ್‌ನಲ್ಲಿ ಹಾಡು ಮಾಡುತ್ತಿದ್ದ. ಅವನು ಹಾಗೆ ಮಾಡಿದ ಸಂಗೀತವೊಂದು ಕೆಂಡ್ರಿಕ್ ಲಮಾರ್ ಅವರ 2017ರ ‘ಡ್ಯಾಮ್’ ಆಲ್ಬಮ್ ಸೇರಿತು. ಆ ಆಲ್ಬಮ್‌ಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಇನ್ನು ನಾನು ಬಳಸುವ ಆ್ಯಪ್‌ಗಳ ವಿಷಯಕ್ಕೆ ಬರುತ್ತೇನೆ. ನಾಲ್ಕೈದನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ತಂಬೂರಿ. ಆಂಡ್ರಾಯ್ಡ್ ಫೋನಿಗೆ ‘ತಾನ್‌ಪುರ ಡ್ರಾಯ್ಡ್’, ಐಫೋನಿಗೆ ‘ಐತಬಲಾಪ್ರೊ’. ತಬಲ ಠೇಕವೂ ಸೇರಿ ಬೇಕೆಂದರೆ ಎರಡನೆಯದು. ಈ ವಿಷಯದಲ್ಲಿ ನಾವು ಹೆಮ್ಮೆಪಡಬಹುದು. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದವರು, ಕೊಳಲು ನುಡಿಸುವವರು. ತಂಬೂರಿಯ ಕೆಲಸವನ್ನು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುವಂತೆ ಮಾಡಿ, ರಾಡೆಲ್ ಎಂಬ ಸಂಸ್ಥೆ ಕಟ್ಟಿ, ನಾಲ್ಕು ದಶಕಗಳಿಗೂ ಹಿಂದೆಯೇ ಅದನ್ನು ಕಛೇರಿಗಳಿಗೆ ತಲುಪಿಸಿದರು. ಇವತ್ತಿನ ತಂಬೂರಿ ಆ್ಯಪ್‌ಗಳೆಲ್ಲ ಅದೇ ದಾರಿಯಲ್ಲಿ ಬಂದವು. ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂನ ತಿದಿ ಹರಿದು ವರ್ಷಗಳಾದವು. ಈಗ ಶನಿವಾರ ನಮ್ಮಪ್ಪ ಫೋನಿನಲ್ಲಿ ‘ಕರಿ ಎರಡು’ ಇಟ್ಟು, ಗುಡಿಯ ಕಂಬಕ್ಕೆ ಒರಗಿಸಿ ಹಾಡು ಶುರು ಮಾಡುತ್ತಾರೆ. ಮೊದಲೆಲ್ಲ ನಾಲ್ಕನೇ ಹಾಡಿಗೆ ಶ್ರುತಿ ಎಲ್ಲೋ ಮೇಲೇರಿ ಎಲ್ಲರ ಗಂಟಲೂ ಕಟ್ಟುತ್ತಿತ್ತು. ಈಗ ಹಾಗಾಗುವುದಿಲ್ಲ. ಮಕ್ಕಳೇ, ಬೇರೆ ಯಾವುದನ್ನೂ ಮಾಡದಿದ್ದರೂ ದಿನಕ್ಕೆ ಹತ್ತು ನಿಮಿಷ ಇದನ್ನು ಹಾಕಿಕೊಂಡು ಒಂದೇ ‘ಸ’ ಹಿಡಿದು ನಿಲ್ಲಿ. ಆರು ತಿಂಗಳಲ್ಲಿ ನಿಮ್ಮ ಕಿವಿಯೇ ನಿಮ್ಮನ್ನು ತಿದ್ದುತ್ತದೆ.

ಎರಡನೆಯದು ಬ್ಯಾಂಡ್‌ಲ್ಯಾಬ್. ಇದು ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಪುಕ್ಕಟೆ ಸಿಗುತ್ತದೆ. ಇದರಲ್ಲಿ ಹಾಡನ್ನು ಪದರ ಪದರವಾಗಿ ಮುದ್ರಿಸಬಹುದು. ಮೊದಲು ತಾಳ, ಅದನ್ನು ಕೇಳುತ್ತಾ ಹಾಡು, ಹಾಡನ್ನು ಕೇಳುತ್ತಾ ಇನ್ನೊಬ್ಬರ ದನಿ. ಯಾವುದಾದರೂ ಒಂದು ಕೆಟ್ಟರೆ ಅದನ್ನಷ್ಟೇ ಅಳಿಸಿ ಮತ್ತೆ ಮುದ್ರಿಸಿದರೆ ಸಾಕು. ಒಬ್ಬನೇ ಹುಡುಗ ನಾಲ್ಕು ಜನರ ಮೇಳವಾಗಬಹುದು.

ಮೂರನೆಯದು ಗ್ಯಾರೇಜ್‌ಬ್ಯಾಂಡ್. ಇದು ಐಫೋನ್, ಐಪ್ಯಾಡ್‌ಗಳಲ್ಲಿ ಇದೆ, ಆಂಡ್ರಾಯ್ಡ್‌ನಲ್ಲಿ ಇಲ್ಲ. 2011ರಲ್ಲಿ ಐಪ್ಯಾಡ್‌ಗೆ ಬಂದಾಗ ಇದಕ್ಕೆ ಸುಮಾರು ಐದು ಡಾಲರ್ ಬೆಲೆ ಇತ್ತು. ಈಗ ಪುಕ್ಕಟೆ. ಪಿಯಾನೊ, ಗಿಟಾರ್, ಡ್ರಮ್, ಪಿಟೀಲು ಎಲ್ಲವೂ ಗಾಜಿನ ಮೇಲೆ ಬರುತ್ತವೆ. ದುಡ್ಡು ಕೊಟ್ಟು ಕೊಳ್ಳುವವರಿಗೆ ಎಫ್‌ಎಲ್ ಸ್ಟುಡಿಯೊ ಮೊಬೈಲ್ ಇದೆ. ಬೆಲ್ಜಿಯಂ ದೇಶದ ಒಂದು ಸಂಸ್ಥೆಯದು. ಕಂಪ್ಯೂಟರಿನಲ್ಲಿ ಇದರ ಅಣ್ಣನನ್ನು ಬಳಸುವ ಸಂಗೀತಗಾರರು ಲೋಕದ ತುಂಬ ಇದ್ದಾರೆ.

ನಾಲ್ಕನೆಯದು ಜಿಯೋಶ್ರೆಡ್. ಇದರ ಬಗ್ಗೆ ಸ್ವಲ್ಪ ಗಣಿತ ಹೇಳಬೇಕು. ಒಂಬತ್ತನೇ ತರಗತಿಯವರು ಗಮನ ಕೊಡಿ. ಫೋನಿನ ಪಿಯಾನೊದಲ್ಲಿ ಒಂದು ಸ್ಥಾಯಿಯನ್ನು 12 ಸಮ ಮೆಟ್ಟಿಲು ಮಾಡಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಆವೃತ್ತಿ ಸುಮಾರು 1.0595 ಪಟ್ಟು ಹೆಚ್ಚುತ್ತದೆ. ಹಾಗೆ 12 ಸಲ ಗುಣಿಸಿದರೆ 2 ಬರುತ್ತದೆ, ಅಂದರೆ ಮೇಲಿನ ‘ಸ’. ಈಗ ನಮ್ಮ ‘ಸ’ 240 ಎಂದಿಟ್ಟುಕೊಳ್ಳಿ. ತಂಬೂರಿಗೆ ಸೇರುವ ಅಂತರ ಗಾಂಧಾರ 300ರಲ್ಲಿದೆ, ಪಂಚಮ 360ರಲ್ಲಿದೆ. ಪಿಯಾನೊದಲ್ಲಿ ಪಂಚಮ 359.6, ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. ಆದರೆ ಗಾಂಧಾರ 302.4. ತಂಬೂರಿಯ ಜೊತೆ ಹಾಡಿ ಪಳಗಿದ ಕಿವಿಗೆ ಆ ಗಾಂಧಾರ ಸ್ವಲ್ಪ ಚುಚ್ಚುತ್ತದೆ. ಇನ್ನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವಂತೂ ಪಿಯಾನೊದ ಮನೆಗಳಲ್ಲಿ ಬರುವುದೇ ಇಲ್ಲ. ಜಿಯೋಶ್ರೆಡ್‌ನಲ್ಲಿ ಗಾಜಿನ ಮೇಲೆ ಬೆರಳನ್ನು ಜಾರಿಸಿದರೆ ಸ್ವರವೂ ವೀಣೆಯ ತಂತಿ ಎಳೆದ ಹಾಗೆ ಜಾರುತ್ತದೆ. ಮಹೇಶ್ ರಾಘವನ್ ಎಂಬ ಯುವಕ ಐಪ್ಯಾಡ್‌ನಲ್ಲಿ ಇದನ್ನೇ ನುಡಿಸಿ ಕರ್ನಾಟಕ ಸಂಗೀತದ ಕೃತಿಗಳನ್ನು ಗಮಕ ಸಮೇತ ಕೇಳಿಸಿ ಹೆಸರು ಮಾಡಿದ್ದಾರೆ.

ಇಷ್ಟು ಹೇಳಿದಾಗ ಹಿರಿಯರೊಬ್ಬರು ಬೆಳಿಗ್ಗೆಯೇ ನನ್ನನ್ನು ಕೇಳಿದರು, “ಇದೆಲ್ಲ ನಮ್ಮದಲ್ಲವಲ್ಲಪ್ಪ, ಹೊರಗಿಂದು?” ಅಂತ. ಹೌದು ಯಜಮಾನರೇ, ಹೊರಗಿನದೇ. ಹಾರ್ಮೋನಿಯಂ ಕೂಡ 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಗಮಕ ಬರುವುದಿಲ್ಲ ಎಂಬ ಕಾರಣವನ್ನೂ ಸೇರಿಸಿ ಆಕಾಶವಾಣಿ 1940ರಿಂದ ಸುಮಾರು 30 ವರ್ಷ ಅದನ್ನು ಹೊರಗಿಟ್ಟಿತ್ತು. ಅಷ್ಟು ಹೊತ್ತಿಗೆ ನಮ್ಮ ಭಜನೆ ಮನೆಗಳು, ಕಂಪನಿ ನಾಟಕಗಳು ಅದಕ್ಕೆ ‘ಪೆಟ್ಟಿಗೆ’ ಎಂದು ಹೆಸರಿಟ್ಟು ಮನೆಮಗನನ್ನಾಗಿ ಮಾಡಿಕೊಂಡಿದ್ದವು. ಪಿಟೀಲಿನ ಕಥೆಯೂ ಹಾಗೆಯೇ. ವಾದ್ಯ ಎಲ್ಲಿ ಹುಟ್ಟಿತು ಎನ್ನುವುದರಿಂದ ನನಗೆ ಚಿಂತೆಯಿಲ್ಲ. ನನ್ನ ಚಿಂತೆ ಬೇರೆ. ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ಈ ಆ್ಯಪ್‌ಗಳಲ್ಲಿ ಸಿದ್ಧ ಸದ್ದುಗಳು ರಾಶಿ ರಾಶಿ ಇವೆ. ಗುಂಡಿ ಒತ್ತಿದರೆ ಡ್ರಮ್ ಬಡಿಯುತ್ತದೆ, ಇನ್ನೊಂದು ಒತ್ತಿದರೆ ಗಿಟಾರ್ ಸೇರುತ್ತದೆ. ಐದು ನಿಮಿಷದಲ್ಲಿ ಹಾಡಿನಂಥದ್ದೊಂದು ತಯಾರು. ಮಕ್ಕಳಿಗೆ ಬಹಳ ಖುಷಿ. ಆದರೆ ನಮ್ಮೂರಿನ ಹುಡುಗ ಒತ್ತಿದರೂ ನ್ಯೂಯಾರ್ಕಿನ ಹುಡುಗ ಒತ್ತಿದರೂ ಬರುವುದು ಅದೇ ಸದ್ದು. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಚೀನಾದ ಅರ್ಹು, ಪೀಪಾ ಇವೆ, ಜಪಾನಿನ ಕೋತೊ ಇದೆ. ತಬಲ ಅನೇಕ ಆ್ಯಪ್‌ಗಳಲ್ಲಿ ಸಿಗುತ್ತದೆ. ನಮ್ಮ ತಮಟೆ, ಸೋಮನ ಕುಣಿತದ ಅರೆ ನನಗೆ ಯಾವುದರಲ್ಲೂ ಸಿಕ್ಕಿಲ್ಲ.

ತಾಳದ ಲೆಕ್ಕವೂ ಹೀಗೆಯೇ. ಫೋನಿನ ಗ್ಯಾರೇಜ್‌ಬ್ಯಾಂಡ್ ಹೊಸ ಹಾಡಿಗೆ ಮೂರೇ ಲೆಕ್ಕ ಕೊಡುತ್ತದೆ: 4/4, 3/4, 6/8. ಕನ್ನಡ ಮೇಷ್ಟ್ರು ಇಲ್ಲೇ ಇದ್ದಾರೆ. ಅವರು ಹತ್ತನೇ ತರಗತಿಯಲ್ಲಿ ಭಾಮಿನೀ ಷಟ್ಪದಿಗೆ ಪ್ರಸ್ತಾರ ಹಾಕಿಸಿದ್ದು ನಮಗೆಲ್ಲ ನೆನಪಿದೆ. ಮೂರು ನಾಲ್ಕು, ಮೂರು ನಾಲ್ಕು ಎಂದು ಬೆಂಚು ಕುಟ್ಟಿಸುತ್ತಿದ್ದರು. ಮೂರು ನಾಲ್ಕು ಕೂಡಿದರೆ ಏಳು. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ನಡೆಸಿದ ಆ ಏಳರ ನಡೆಗೆ ಈ ಆ್ಯಪ್‌ನ ಪಟ್ಟಿಯಲ್ಲಿ ಮನೆಯಿಲ್ಲ. ಇದು ಯಾರ ದ್ವೇಷವೂ ಅಲ್ಲ. ಮಾಡಿದವರು ತಮ್ಮ ಕಿವಿಯಲ್ಲಿದ್ದುದನ್ನು ಹಾಕಿದರು, ಅಷ್ಟೇ. ನಮ್ಮ ಕಿವಿಯಲ್ಲಿರುವುದನ್ನು ನಾವು ಹಾಕಬೇಕು.

ಹಾಕುವುದು ಹೇಗೆ? ಅದಕ್ಕೆ ಐದನೆಯ ಆ್ಯಪ್, ನನಗೆ ಎಲ್ಲಕ್ಕಿಂತ ಪ್ರೀತಿಯದು. ಹೆಸರು ಕೋಆಲಾ ಸ್ಯಾಂಪ್ಲರ್. ಕೆಲವು ನೂರು ರೂಪಾಯಿ ಬೆಲೆ, ಎರಡೂ ಬಗೆಯ ಫೋನಿಗೆ ಸಿಗುತ್ತದೆ. ತೆರೆದರೆ 16 ಚೌಕಗಳು ಕಾಣುತ್ತವೆ. ಒಂದು ಚೌಕವನ್ನು ಒತ್ತಿ ಹಿಡಿದು ಯಾವ ಸದ್ದು ಮಾಡಿದರೂ ಅದು ಆ ಚೌಕದೊಳಗೆ ಕೂರುತ್ತದೆ. ಮತ್ತೆ ಒತ್ತಿದರೆ ಅದೇ ಸದ್ದು ನುಡಿಯುತ್ತದೆ. ನಾನು ಹೇಳುವುದಕ್ಕಿಂತ ತೋರಿಸುವುದೇ ಮೇಲು.

(ಇಲ್ಲಿ ಎಂಟನೇ ತರಗತಿಯ ಹುಡುಗನೊಬ್ಬನನ್ನು ವೇದಿಕೆಗೆ ಕರೆದು, ಅವನು ಬಾರಿಸಿದ ತಮಟೆಯ ಮೂರು ಪೆಟ್ಟುಗಳನ್ನು, ಶಾಲೆಯ ಗಂಟೆಯ ಸದ್ದನ್ನು, ಮಕ್ಕಳ ಚಪ್ಪಾಳೆಯನ್ನು ಫೋನಿಗೆ ತುಂಬಿಸಿ, ಏಳು ಎಣಿಕೆಯ ಒಂದು ಆವರ್ತ ಮಾಡಿ ಕೇಳಿಸಲಾಯಿತು.)

ಕೇಳಿದಿರಲ್ಲ, ಏಳರ ಲೆಕ್ಕಕ್ಕೆ ಯಾರ ಪಟ್ಟಿಯೂ ಬೇಕಾಗಲಿಲ್ಲ. ಮೆಟ್ರೊನೋಮ್ ಆರಿಸಿ, ನಮ್ಮ ಆವರ್ತವನ್ನೇ ಅಳತೆಗೋಲು ಮಾಡಿದೆವು. ಇನ್ನೊಂದು ಮಾತು. ಈ ಹುಡುಗ ಬಾರಿಸುವ ಮೊದಲು ಹಿಂದೆ ಹೋಗಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿಕೊಂಡು ಬಂದ. ಕಾಯಿಸದೆ ಬಾರಿಸಿದ್ದನ್ನೂ ಕಾಯಿಸಿ ಬಾರಿಸಿದ್ದನ್ನೂ ನಾನು ನಿನ್ನೆ ಮುದ್ರಿಸಿಕೊಂಡು ಪಕ್ಕಪಕ್ಕದ ಚೌಕದಲ್ಲಿಟ್ಟು ಕೇಳಿದೆ. ಒಂದು ಮಂಕು, ಇನ್ನೊಂದು ಕಿಡಿ. ಆ ವ್ಯತ್ಯಾಸ ಎಷ್ಟು ಬಿಸಿಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಇವನ ತಾತನ ಕೈಗೆ ಗೊತ್ತು. ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಈಗ ಕೆಲಸಕ್ಕೆ ಬರುವ ಕೆಲವು ಸೂಚನೆ ಹೇಳುತ್ತೇನೆ. ಮುದ್ರಿಸುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಮಡಚಿದ ಟವೆಲ್ ಮೇಲಿಡಿ. ಹಾಡುವವರಿಂದ ಒಂದೂವರೆ ಅಡಿ ದೂರ ಸಾಕು, ತಮಟೆಗೆ ಏಳೆಂಟು ಅಡಿ ಬೇಕು. ಹತ್ತಿರವಿಟ್ಟರೆ ಸದ್ದು ಒಡೆದುಹೋಗುತ್ತದೆ. ಒಡೆದ ಸದ್ದನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ. ಹೆಂಚಿನ ಮನೆಯ ನಡುಮನೆ, ಸುತ್ತ ರಗ್ಗು ಕಂಬಳಿ ಇದ್ದರೆ, ಸ್ಟುಡಿಯೊಗೆ ಏನೂ ಕಡಿಮೆಯಿಲ್ಲ.

ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ನುಡಿಸಬೇಡಿ, ತಂತಿಯದ್ದನ್ನೇ ಬಳಸಿ. ಕಾರಣ ಹೇಳುತ್ತೇನೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ತಡ. ಅಂದರೆ ನೀವು ಇಲ್ಲಿ ಹಾಡುತ್ತಿದ್ದೀರಿ, ತಾಳ ಹಾಕುವವನು 34 ಮೀಟರ್ ಆಚೆ, ಮೈದಾನದ ಹುಣಸೇಮರದ ಹತ್ತಿರ ನಿಂತಿದ್ದಾನೆ. ಹೊಂದುವುದು ಹೇಗೆ? ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಲೂಟೂತ್ ಇಲ್ಲದಿದ್ದರೂ ಈ ತಡ ಇತ್ತು. ಈಚೆಗೆ ಬಂದವುಗಳಲ್ಲಿ ಬಹಳ ಸುಧಾರಿಸಿದೆ.

ಉಳಿಸಿಡುವುದಾದರೆ ವೇವ್ ರೂಪದಲ್ಲಿ ಉಳಿಸಿ. ಅದರಲ್ಲಿ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದಿಡುತ್ತಾರೆ. ಒಂದೇ ಮೈಕಿನ ಒಂದು ಗಂಟೆಯ ಹಾಡು ಸುಮಾರು 300 ಎಂಬಿ ಆಗುತ್ತದೆ. ದೊಡ್ಡದೇ, ಆದರೆ ಒಂದು ಪೆನ್‌ಡ್ರೈವ್‌ನಲ್ಲಿ ಊರಿನ ಹಾಡೆಲ್ಲ ಹಿಡಿಯುತ್ತದೆ. ವಾಟ್ಸ್‌ಆ್ಯಪ್‌ನ ಮೈಕ್ ಗುಂಡಿ ಒತ್ತಿ ಮುದ್ರಿಸಿದ್ದು ಮಾತಿಗೆ ಸರಿ, ಹಾಡಿಗೆ ಸಾಲದು. ಅದು ಸದ್ದನ್ನು ಹಿಂಡಿ ಸಣ್ಣದು ಮಾಡಿಬಿಡುತ್ತದೆ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ನಮಗೆ ಹೆಚ್ಚು ಸಮಯ ಇಲ್ಲ. ನಾನು ಈ ಶಾಲೆಯಲ್ಲಿದ್ದಾಗ ಮದುವೆ ಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಎರಡು ಗುಂಪಾಗಿ ಕುಳಿತು ಸೋಬಾನೆ ಹೇಳುತ್ತಿದ್ದರು. ಚಪ್ಪರ ಹಾಕುವಾಗ ಒಂದು, ಅರಿಶಿನ ಹಚ್ಚುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಈಗ ಹೇಳಬಲ್ಲವರು ಮೂವರಿದ್ದಾರೆ. ಮೂವರೂ ಎಪ್ಪತ್ತು ದಾಟಿದವರು. ಇವತ್ತು ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ಕಳೆದ ಯುಗಾದಿಯಲ್ಲಿ ನಾನು ಅವರ ಮುಂದೆ ಫೋನು ಇಟ್ಟು ಕುಳಿತೆ. ಆ್ಯಪ್ ಮೆಟ್ರೊನೋಮ್ ಹಾಕು ಎನ್ನುತ್ತಿತ್ತು. ಅಜ್ಜಿಯರ ಹಾಡು ಉಸಿರಿನ ಲೆಕ್ಕದಲ್ಲಿ ನಡೆಯುತ್ತದೆ, ಒಂದು ಸಾಲು ಎಳೆಯುತ್ತದೆ, ಇನ್ನೊಂದು ಓಡುತ್ತದೆ. ಟಿಕ್ ಟಿಕ್ ಆರಿಸಿ ಬರೀ ಮುದ್ರಿಸಿದೆ. ಎರಡು ಮಧ್ಯಾಹ್ನದಲ್ಲಿ ಇಪ್ಪತ್ತಮೂರು ಹಾಡು ಸಿಕ್ಕಿತು. “ಇನ್ನೂ ಅವೆ ಕಣಪ್ಪ, ನಾಟಿ ಹಾಡೋವು ಮನೇಲಿ ಕೂತ್ರೆ ಗ್ಯಾನಕ್ಕೆ ಬರಾಕಿಲ್ಲ, ಗದ್ದೇಲೇ ಬರಬೇಕು” ಎಂದರು. ಮುಂದಿನ ನಾಟಿಗೆ ಗದ್ದೆಗೇ ಹೋಗಬೇಕು.

ಎಚ್.ಎಲ್. ನಾಗೇಗೌಡರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಜನಪದ ಹಾಡುಗಳನ್ನು ಟೇಪ್‌ರೆಕಾರ್ಡರಿನಲ್ಲಿ ಸಂಗ್ರಹಿಸಿ, ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನೇ ನಿಲ್ಲಿಸಿದರು. ಆಗ ಟೇಪಿನ ಸುರುಳಿ ದುಬಾರಿ, ಯಂತ್ರ ಭಾರ, ಹಳ್ಳಿಯಲ್ಲಿ ಕರೆಂಟು ಇಲ್ಲ. ನಮ್ಮ ಹುಡುಗರ ಜೇಬಿನಲ್ಲಿ ಅದಕ್ಕಿಂತ ಒಳ್ಳೆಯ ಯಂತ್ರ ಇದೆ.

ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಹಿರಿಯರು ಬೇಸರ ಮಾಡಿಕೊಳ್ಳಬಾರದು. ಹಬ್ಬದ ದಿನ ತಮಟೆಯವರನ್ನು ಕರೆಯುತ್ತೇವೆ, ಹಬ್ಬ ಮುಗಿದ ಮೇಲೆ ಅವರ ಹೆಸರೂ ನಮಗೆ ಬೇಕಾಗುವುದಿಲ್ಲ. ಫೋನಿನಲ್ಲೂ ಅದೇ ಆಗಬಾರದು. ಯಾರ ಹಾಡು, ಯಾರ ತಮಟೆ ಮುದ್ರಿಸಿದರೂ ಮೊದಲು ಅವರನ್ನು ಕೇಳಬೇಕು. ಮುದ್ರಣದ ಶುರುವಿನಲ್ಲೇ ಅವರ ಬಾಯಿಂದ ಅವರ ಹೆಸರು, ಊರು, ಯಾರಿಂದ ಕಲಿತರು, ಅಂದಿನ ತಾರೀಖು ಹೇಳಿಸಬೇಕು. ಒಂದು ಪ್ರತಿ ಅವರ ಮನೆಗೆ ಹೋಗಬೇಕು. ಅವರು ಬೇಡವೆಂದರೆ ಊರಾಚೆ ಹೋಗಬಾರದು, ಇಂಟರ್ನೆಟ್ಟಿಗೂ ಹೋಗಬಾರದು. ಯಾರಾದರೂ ಅದರಿಂದ ದುಡ್ಡು ಮಾಡಿದರೆ ಪಾಲು ಅವರಿಗೆ ಸಲ್ಲಬೇಕು. ಒಂದು ದಿನ ಹಾಡಲು ಕುಳಿತರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ. ಅದನ್ನು ಕೊಟ್ಟೇ ಕೂರಿಸಬೇಕು.

ತಂದೆ ತಾಯಂದಿರಿಗೆ ಒಂದು ಮಾತು. ಮಕ್ಕಳು ಯಾವಾಗಲೂ ಫೋನಿನಲ್ಲೇ ಇರುತ್ತಾರೆ ಎಂಬ ನಿಮ್ಮ ದೂರು ಸರಿಯಾಗಿಯೇ ಇದೆ. ಈ ಆ್ಯಪ್‌ಗಳಿಂದ ಸ್ವರಜ್ಞಾನ ತಾನಾಗಿ ಬರುವುದಿಲ್ಲ, ಗುರುವಿನ ಜಾಗವನ್ನು ಇವು ತುಂಬುವುದೂ ಇಲ್ಲ. ಆದರೆ ರೀಲ್ಸ್ ನೋಡುತ್ತಾ ಮಲಗಿದ ಹುಡುಗನಿಗೂ, ಅಜ್ಜಿಯ ಮುಂದೆ ಫೋನಿಟ್ಟು “ಇನ್ನೊಂದ್ಸಲ ಹೇಳಜ್ಜಿ” ಎನ್ನುವ ಹುಡುಗನಿಗೂ ವ್ಯತ್ಯಾಸ ಇದೆ. ವಾರಕ್ಕೆ ಒಂದು ಗಂಟೆ ಎಂದು ನಿಗದಿ ಮಾಡಿ, ಏನು ಕಟ್ಟಿದೆ ಕೇಳಿಸು ಎಂದು ನೀವೇ ಕೇಳಿ.

ಕೊನೆಯದಾಗಿ ಈ ಶಾಲೆಗೆ ನನ್ನ ಸಣ್ಣ ಕಾಣಿಕೆಯ ವಿಷಯ. 2004ರ ನಮ್ಮ ತಂಡದ ಒಂಬತ್ತು ಜನ ಸೇರಿ ಒಂದು ಟ್ಯಾಬ್ಲೆಟ್, ಒಂದು ಮೈಕು, ತಂತಿಯ ಇಯರ್‌ಫೋನು ನಾಲ್ಕು, ಎರಡು ಪೆನ್‌ಡ್ರೈವ್ ತಂದಿದ್ದೇವೆ. ನಾನು ಹೇಳಿದ ಆ್ಯಪ್‌ಗಳಲ್ಲಿ ಅದಕ್ಕೆ ಹೊಂದುವುದನ್ನೆಲ್ಲ ಹಾಕಿಟ್ಟಿದ್ದೇನೆ. ಮುಖ್ಯೋಪಾಧ್ಯಾಯರು ಶನಿವಾರ ಮಧ್ಯಾಹ್ನದ ಹೊತ್ತು ಕೊಡಲು ಒಪ್ಪಿದ್ದಾರೆ. ತಿಂಗಳಿಗೆ ಎರಡು ಶನಿವಾರ ನಾನು ಬರುತ್ತೇನೆ. ನಾನು ಬಾರದ ವಾರ ಕನ್ನಡ ಮೇಡಮ್ಮು ನೋಡಿಕೊಳ್ಳುತ್ತಾರೆ. ಮೊದಲ ವರ್ಷದ ಕೆಲಸ ಎರಡೇ. ಊರಿನ ಹಾಡುಗಳನ್ನು ಹೆಸರು ಸಮೇತ ಮುದ್ರಿಸಿ ಗ್ರಂಥಾಲಯದಲ್ಲಿಡುವುದು. ಆ ಸದ್ದುಗಳನ್ನೇ ಬಳಸಿ ಮಕ್ಕಳು ತಮ್ಮದೇ ಒಂದು ಹಾಡು ಕಟ್ಟಿ ಮುಂದಿನ ರಾಜ್ಯೋತ್ಸವಕ್ಕೆ ಕೇಳಿಸುವುದು. ನಮ್ಮ ತಂಡಕ್ಕಿಂತ ಹಿರಿಯರು, ಕಿರಿಯರು ಯಾರು ಕೈಜೋಡಿಸಿದರೂ ಸಂತೋಷ. ಅದರಲ್ಲೂ ತಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಇವತ್ತು ಊಟಕ್ಕೆ ಹೋಗುವ ಮೊದಲು ನನಗೊಂದು ಮಾತು ತಿಳಿಸಿ. ಮೊದಲ ಶನಿವಾರ ಬರುವ ವಾರವೇ ಇದೆ.